ಹಿತ್ತಾಳೆ ಬಿಜಾಗರಿ, ಕಬ್ಬಿಣದ ತಿರುಪು

ಕಾರ್ಕಳದಲ್ಲಿ ಗುರುತುಗಳಿಗೇನೂ ಬರವಿಲ್ಲ. ತಲೆಯೆತ್ತಿದರೆ ಬಂಡೆಯ ಮೇಲೆ 1432ರಿಂದ ನಿಂತಿರುವ 42 ಅಡಿಯ ಗೊಮ್ಮಟ. ಸಮೀಪದಲ್ಲೇ 1586ರ ಚತುರ್ಮುಖ ಬಸದಿ, ನಾಲ್ಕು ದಿಕ್ಕಿಗೂ ಒಂದೇ ಬಗೆಯ ಮುಖ. ಆಚೆ ನೀರಿನ ನಡುವೆ ಬಸದಿಯಿರುವ ಆನೆಕೆರೆ. ಆದರೂ ಊರವರು ದಾರಿ ಹೇಳುವಾಗ ಪೇಟೆಯ ಹಾರ್ಡ್‌ವೇರ್ ಅಂಗಡಿಯನ್ನೇ ಹಿಡಿಯುತ್ತಾರೆ. ಗೊಮ್ಮಟನನ್ನು ಕೇಳಿಕೊಂಡು ಬಂದವರಿಗೂ ಅಷ್ಟೆ!

ಒಳಗೆ ಹೊಸ ಹಗ್ಗ, ಬಣ್ಣ, ಎಣ್ಣೆಯ ವಾಸನೆ. ಬಾಗಿಲಿಗೆ ಒರಗಿಸಿದ ಹಾರೆ, ಪಿಕ್ಕಾಸು. ಮೊಳೆ ತೂಕದ ಲೆಕ್ಕ, ತಿರುಪು ಡಜನ್ ಲೆಕ್ಕ. ಸಂಜೆ ಹೊತ್ತು ಯಜಮಾನರ ಮಗ, ಹತ್ತನೆಯ ತರಗತಿಯವನು, ತಕ್ಕಡಿಯ ಬಳಿ ಕೂರುತ್ತಾನೆ. ತಂದೆಗೆ ಅದೇ ಚಿಂತೆ. ಜುಲೈಯ ಕಿರುಪರೀಕ್ಷೆಯಲ್ಲಿ ವಿಜ್ಞಾನಕ್ಕೆ 25ಕ್ಕೆ 9. ಕಬ್ಬಿಣಕ್ಕೆ ಸತುವಿನ ಲೇಪ ಏಕೆ ಎಂಬ ಪ್ರಶ್ನೆಯನ್ನು ಹುಡುಗ ಮುಟ್ಟಿಯೇ ಇರಲಿಲ್ಲ.

"ಅಂಗಡಿ ನನಗೇ ಮುಗಿಯಲಿ ಮಗಾ, ನೀನು ಓದು" ಎಂದು ಗದರಿಸುತ್ತಿರುವಾಗಲೇ ಮಳೆಯಲ್ಲಿ ನೆನೆದುಕೊಂಡು ಆಚಾರ್ರು ಬಂದರು. ಮುಂಬಾಗಿಲಿಗೆ ಹಿತ್ತಾಳೆಯ ಬಿಜಾಗರಿ ಬೇಕು, ತಿರುಪು ಕಬ್ಬಿಣದ್ದೇ ಸಾಕು, ಮನೆಯವರು ಕಾಸು ಬಿಚ್ಚುವುದಿಲ್ಲ ಎಂದರು.

"ಬೇಡ ಆಚಾರ್ರೇ, ತಿರುಪೂ ಹಿತ್ತಾಳೆಯದೇ ಹಾಕಿ. ಈ ಮಳೆಗೆ ಕಬ್ಬಿಣದ್ದು ಬೇಗ ತಿಂದುಹೋಗುತ್ತದೆ" ಎಂದ ಹುಡುಗ. ಹಾಗೆ ತಿಂದುಹೋದ ತಿರುಪುಗಳನ್ನು ತಂದು ಜಗಳವಾಡಿದವರನ್ನು ಅವನು ಕಂಡಿದ್ದ.

ಹುಡುಗ ಹೇಳಿದ್ದು ಸರಿಯೇ. ಹಿತ್ತಾಳೆಯಲ್ಲಿ ಹೆಚ್ಚಿನ ಪಾಲು ತಾಮ್ರ. ಅದಕ್ಕಿಂತ ಕಬ್ಬಿಣ ಹೆಚ್ಚು ಕ್ರಿಯಾಶೀಲ. ಎರಡರ ನಡುವೆ ನೀರಿನ ಪಸೆ ಕುಳಿತರೆ ಅದೊಂದು ಪುಟ್ಟ ವಿದ್ಯುತ್ಕೋಶ. ಅದರಲ್ಲಿ ಸವೆಯುವುದು ಕಬ್ಬಿಣ. ಬಿಜಾಗರಿ ದೊಡ್ಡದು, ತಿರುಪು ಚಿಕ್ಕದು. ನಷ್ಟವೆಲ್ಲ ಆ ಚಿಕ್ಕದರ ತಲೆಗೇ. ವರ್ಷಕ್ಕೆ 4000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರಲ್ಲಿ ಪಸೆಗೇನು ಕೊರತೆ? ಮಾಡಿನ ತಗಡಿನಲ್ಲಿ ಆಟ ತಿರುಗುಮುರುಗು. ಅಲ್ಲಿ ಸತುವೇ ಹೆಚ್ಚು ಕ್ರಿಯಾಶೀಲ. ಗೀರು ಬಿದ್ದ ಜಾಗದಲ್ಲೂ ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. ಪುಸ್ತಕದಲ್ಲಿ ಇದು ಬಾಯಿಪಾಠ ಮಾಡಬೇಕಾದ ಲೋಹಗಳ ಪಟ್ಟಿ ಮಾತ್ರ. ಅದೇ ಪ್ರಶ್ನೆಗೆ ತನ್ನ ಬಳಿ ಉತ್ತರವಿದೆಯೆಂದು ಹುಡುಗನಿಗಾದರೂ ಹೇಗೆ ತಿಳಿಯಬೇಕು?

ಆಚಾರ್ರು ಗೊಣಗುತ್ತಲೇ ಹಿತ್ತಾಳೆಯ ತಿರುಪು ಒಯ್ದರು. ತಂದೆ ತುಸು ಹೊತ್ತು ಸುಮ್ಮನಿದ್ದರು. ಆಮೇಲೆ ತಕ್ಕಡಿಯನ್ನು ತಮ್ಮ ಕಡೆ ಎಳೆದುಕೊಂಡು, "ಈಗ ಹೇಳಿದ್ದನ್ನೇ ಬರೆ, ನೋಡುವಾ" ಎಂದು ಹಳೆಯ ಬಿಲ್ ಪುಸ್ತಕ ಮುಂದಿಟ್ಟರು. ಅಂಗಡಿ ಮುಚ್ಚುವ ಹೊತ್ತಿಗೆ ಅರ್ಧ ಪುಟ ತುಂಬಿತ್ತು. ಕಾಗುಣಿತದ ತಪ್ಪು ಮೂರು.