ಅಪ್ಪನ ಕಂಪ್ಯೂಟರ್ ಆರು ಗಂಟೆಗೆ ಏಳುತ್ತೆ

ನಿಮ್ಮ ಮನೆಯ ಕಂಪ್ಯೂಟರಿನ ಪವರ್ ಬಟನ್ ಎಲ್ಲಿದೆ? ಊರಲ್ಲಿರುವ ನಮ್ಮ ಮನೆಯಲ್ಲಿ ಅದು ಮೇಜಿನ ಕೆಳಗಿನ ಸಿಪಿಯು ಡಬ್ಬದಲ್ಲಿದೆ. ಬಗ್ಗಿ ಒತ್ತಬೇಕು. ಕೈಕಾಲು ಗಟ್ಟಿ ಇರೋವರೆಗೆ ಇದೊಂದು ವಿಷಯ ಅಂತ ಯಾರಿಗೂ ಅನ್ನಿಸೋದಿಲ್ಲ.

ಎರಡು ವರ್ಷದ ಹಿಂದೆ ಅಪ್ಪನಿಗೆ ಪಾರ್ಶ್ವವಾಯು ಆಯಿತು. ಬಲಗೈಯ ಹಿಡಿತ ಪೂರ್ತಿ ವಾಪಸ್ ಬರಲಿಲ್ಲ, ಬಗ್ಗಿದರೆ ತಲೆ ಸುತ್ತುತ್ತೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿದವರು. ನಿವೃತ್ತಿಯಾದ ಮೇಲೆ ‘ನುಡಿ’ಯಲ್ಲಿ ಟೈಪ್ ಮಾಡೋದು ಕಲಿತು ಬಾಲ್ಯದ ನೆನಪುಗಳನ್ನು ಬರೆಯುತ್ತಿದ್ದರು. ಎಡಗೈಯ ಒಂದೇ ಬೆರಳಲ್ಲಿ ಬರೆಯೋಕೆ ಅವರಿಗೆ ಬೇಜಾರಿರಲಿಲ್ಲ. ಆದರೆ ಪ್ರತಿ ಸಂಜೆ ಅಡುಗೆಮನೆಯಿಂದ ಅಮ್ಮನನ್ನು ಕರೆದು, ಮಂಡಿನೋವಿನ ಅವಳನ್ನು ಬಗ್ಗಿಸಿ ಬಟನ್ ಒತ್ತಿಸಿಕೊಳ್ಳೋದು ಅವರಿಗೆ ಆಗಲಿಲ್ಲ. ಬರೆಯೋದನ್ನೇ ನಿಲ್ಲಿಸಿದರು. ನಾನು ಫೋನಲ್ಲಿ ಕೇಳಿದರೆ, ‘ಬರೆಯೋಕೆ ಏನು ಉಳಿದಿದೆ ಬಿಡೋ’ ಅನ್ನೋರು. ನಿಜ ಏನು ಅಂತ ಹೇಳಿದ್ದು ಅಮ್ಮ.

ಯುಗಾದಿಗೆ ಊರಿಗೆ ಹೋದಾಗ ಡಬ್ಬವನ್ನು ಮೇಜಿನ ಮೇಲಿಡೋಕೆ ನೋಡಿದೆ, ಜಾಗವೇ ಇಲ್ಲ. ಆಗ ಅದು ತಾನಾಗೇ ಆನ್ ಆಗುವ ಹಾಗೆ ಮಾಡಿದೆ. ಇದಕ್ಕೆ ಹೊಸದೇನೂ ಕೊಳ್ಳಬೇಕಿಲ್ಲ. ಕಂಪ್ಯೂಟರಿನ ಒಳಗೊಂದು ಪುಟ್ಟ ಗಡಿಯಾರ ಇರುತ್ತೆ. ಕರೆಂಟ್ ಹೋದರೂ ಅದು ನಿಲ್ಲೋದಿಲ್ಲ, ನಾಣ್ಯದಂಥ 3 ವೋಲ್ಟ್ ಬ್ಯಾಟರಿ ಅದನ್ನು ನಡೆಸುತ್ತೆ. ಸೆಕೆಂಡಿಗೆ 32,768 ಸಲ ಕಂಪಿಸುವ ಹರಳಿನಿಂದ ಅದು ಸಮಯ ಎಣಿಸುತ್ತೆ. ಆನ್ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಕೀ ಒತ್ತಿದರೆ, ಹೆಚ್ಚಿನ ಕಂಪ್ಯೂಟರುಗಳಲ್ಲಿ ಬಯಾಸ್ ತೆರೆದುಕೊಳ್ಳುತ್ತೆ. ಅದರ ಪವರ್ ವಿಭಾಗದಲ್ಲಿ ಆರ್‌ಟಿಸಿ ಅಲಾರ್ಮ್ ಅನ್ನುವ ಆಯ್ಕೆ ಹುಡುಕಿ. ನಾನು ‘ಪ್ರತಿದಿನ, 18:00’ ಅಂತ ಹಾಕಿದೆ. ಲಿನಕ್ಸ್ ಇದ್ದರೆ ಈ ಗಡಿಯಾರ ಸಾಮಾನ್ಯವಾಗಿ ಗ್ರೀನಿಚ್ ಸಮಯದಲ್ಲಿ ಓಡುತ್ತೆ, ಆಗ 12:30 ಅಂತ ಹಾಕಬೇಕು.

ಒಂದೇ ಷರತ್ತು, ಗೋಡೆಯ ಸ್ವಿಚ್ ಆನ್ ಇರಬೇಕು. ಆಫ್ ಆಗಿರುವ ಕಂಪ್ಯೂಟರಿಗೂ ಎದ್ದೇಳೋಕೆ ಚೂರು ಕರೆಂಟ್ ಬೇಕು. ಮಲಗುವ ಮುಂಚೆ ಮನೆಯ ಸ್ವಿಚ್ಚೆಲ್ಲ ಆರಿಸಿ ಬರುವುದು ಅಮ್ಮನ ಅಭ್ಯಾಸ. ಆ ಸ್ವಿಚ್ಚಿನ ಮೇಲೊಂದು ಚೀಟಿ ಅಂಟಿಸಿದೆ. ಕರೆಂಟ್ ಬಂದ ಕೂಡಲೇ ಆನ್ ಆಗುವ ಆಯ್ಕೆಯೂ ಇದೆ. ಆದರೆ ರಾತ್ರಿ ಎರಡಕ್ಕೆ ಕರೆಂಟ್ ಬಂದರೂ ಎದ್ದು ಕೂರುತ್ತೆ ಅಂತ ಅದನ್ನು ಮುಟ್ಟಲಿಲ್ಲ.

ಆಫ್ ಮಾಡೋದು ಇನ್ನೂ ಸುಲಭ. ವಿಂಡೋಸಿನ ಟಾಸ್ಕ್ ಶೆಡ್ಯೂಲರ್‌ನಲ್ಲಿ ಶಟ್‌ಡೌನ್ ಆದೇಶ ಕೊಟ್ಟು, ಸಮಯ ಹಾಕಿದರೆ ಆಯಿತು. ಆದರೆ ಇಲ್ಲೊಂದು ಎಚ್ಚರ ಬೇಕು. ‘ಇನ್ನು 300 ಸೆಕೆಂಡಿಗೆ ಆಫ್ ಆಗು’ ಅಂತ ಗಡುವು ಕೊಟ್ಟರೆ, ಆ ಗಡುವು ಮುಗಿದ ಮೇಲೆ ತೆರೆದಿರುವ ಫೈಲುಗಳನ್ನು ಅದು ಬಲವಂತವಾಗಿ ಮುಚ್ಚುತ್ತೆ. ಸೇವ್ ಮಾಡದ ಬರಹ ಹೋಯಿತು ಅಂತಲೇ ಲೆಕ್ಕ. ಒಂದು ಬೆರಳಲ್ಲಿ ಬರೆದ ಒಂದು ಪುಟ ಅಂದರೆ ಅಪ್ಪನಿಗೆ ಇಡೀ ಸಂಜೆ. ಸೊನ್ನೆ ಸೆಕೆಂಡ್ ಅಂತ ಕೊಟ್ಟರೆ ಬಲವಂತ ಇರೋದಿಲ್ಲ, ಸೇವ್ ಆಗದ ಫೈಲ್ ಇದ್ದರೆ ಸಾಮಾನ್ಯವಾಗಿ ತಡೆದು ಕೇಳುತ್ತೆ. ಹಾಗೆ ಒಂಬತ್ತೂವರೆಗೆ ಇಡಲಾ ಅಂತ ಅಪ್ಪನನ್ನೇ ಕೇಳಿದೆ.

‘ಬೇಡಪ್ಪ. ಬೆಲ್ ಹೊಡೀತು ಅಂತ ಅರ್ಧ ಪಾಠ ಬಿಟ್ಟು ನಾನು ಯಾವತ್ತೂ ಕ್ಲಾಸಿಂದ ಎದ್ದು ಬಂದಿಲ್ಲ. ಎಬ್ಬಿಸೋದು ಅದೇ ಮಾಡಲಿ, ಮಲಗಿಸೋದು ನನಗೆ ಬಿಡು’ ಅಂದರು.

ಶೆಡ್ಯೂಲರ್ ಮುಚ್ಚಿದೆ. ಅದೇ ಸೊನ್ನೆ ಸೆಕೆಂಡಿನ ಆದೇಶವನ್ನು ಪರದೆಯ ಮೇಲೆ ದೊಡ್ಡ ಐಕಾನ್ ಮಾಡಿ, ಎಡಗೈ ಕಡೆಗೆ ಮೌಸ್ ಇಟ್ಟೆ.

ಮಗ ಎಂಜಿನಿಯರ್ ಅಂದಮೇಲೆ ಮನೆಯಲ್ಲಿ ಎಲ್ಲವನ್ನೂ ಆಟೋಮ್ಯಾಟಿಕ್ ಮಾಡೋ ಹುಮ್ಮಸ್ಸು ಬರುತ್ತೆ. ನಿಮ್ಮ ಮನೆಯಲ್ಲೂ ಮಾಡಿಕೊಡಿ, ಅರ್ಧ ಗಂಟೆಯ ಕೆಲಸ. ಶುರು ಮಾಡುವ ಮುಂಚೆ ಯಾವ ಬಟನ್ ಅವರಿಗೆ ಕಷ್ಟ, ಯಾವುದು ಅವರಿಗೇ ಬೇಕು ಅಂತ ಒಂದು ಮಾತು ಕೇಳಿ.

ಅಪ್ಪನ ಬರಹ ಈಗ ಅವರ ಮಿಡ್ಲ್ ಸ್ಕೂಲ್ ದಿನಗಳಿಗೆ ಬಂದಿದೆ. ಕೆಲವು ರಾತ್ರಿ ಹತ್ತು ಗಂಟೆಯಾದರೂ ಕಂಪ್ಯೂಟರ್ ಆಫ್ ಆಗೋದಿಲ್ಲ ಅಂತ ಅಮ್ಮನ ದೂರು.