ಒಂದು ಮಿಲಿಮೀಟರಿನ ಬೆಲೆ

ಕಂಪ್ಯೂಟರ್ ಅಂದರೆ ಅಂಗಡಿಯಿಂದ ಪೂರ್ತಿ ತಯಾರಾಗಿ ಬರುವ ಡಬ್ಬಿ ಎಂದು ನಮ್ಮ ತರಗತಿಯಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಆದರೆ ಬಡಿಗೇರರು ಗಾಲಿ, ಅಚ್ಚು, ನೊಗ ಎಂದು ಬೇರೆ ಬೇರೆ ಮಾಡಿ ಚಕ್ಕಡಿ ಕೂಡಿಸುವಂತೆ, ಕಂಪ್ಯೂಟರನ್ನೂ ಬಿಡಿ ಭಾಗ ತಂದು ಮನೆಯಲ್ಲಿಯೇ ಜೋಡಿಸಬಹುದು. ಹೋದ ದೀಪಾವಳಿಗೆ ಮುಂಚೆ ನಮ್ಮ ಅಕ್ಕ ಹಾಗೆ ಒಂದು ಕಂಪ್ಯೂಟರ್ ಜೋಡಿಸಿದಳು. ನಾನು ಪಕ್ಕದಲ್ಲಿ ಕುಳಿತು ಸ್ಕ್ರೂ ಎತ್ತಿ ಕೊಟ್ಟೆ, ಲೆಕ್ಕ ಮಾಡಿದೆ. ಆಗ ಕಲಿತದ್ದನ್ನು ನಮ್ಮ ಗೋಡೆ ಪತ್ರಿಕೆಗೆ ಬರೆದುಕೊಟ್ಟಿದ್ದೇನೆ.

ಅಕ್ಕ ಸಿವಿಲ್ ಡಿಪ್ಲೊಮಾ ಓದಿದ್ದಾಳೆ. ಹುಬ್ಬಳ್ಳಿಯ ಒಂದು ಆಫೀಸಿನಲ್ಲಿ ಮನೆಗಳ ನಕ್ಷೆ ಬರೆಯುವ ಕೆಲಸ. ಮುಂಜಾನೆ ಮೊದಲನೇ ಬಸ್ಸಿಗೆ ಹೋದರೆ ಬರುವಾಗ ಕತ್ತಲೆ ಆಗಿರುತ್ತಿತ್ತು. ಮಳೆಗಾಲದಲ್ಲಿ ಬೆಣ್ಣಿಹಳ್ಳ ತುಂಬಿದರೆ ಬಸ್ಸೇ ಇಲ್ಲ. ಒಂದು ರಾತ್ರಿ ಬಹಳ ತಡವಾಗಿ ಬಂದಾಗ ಅಪ್ಪ, "ಸಾಕವಾ, ನಾಳಿಂದ ಹೋಗಬ್ಯಾಡ" ಅಂದ. ಅಕ್ಕ ಊಟ ಮಾಡದೆ ಮಲಗಿದಳು. ಆಮೇಲೆ ಆಫೀಸಿನ ಎಂಜಿನಿಯರ್ ಸಾಹೇಬರು, ಮನೆಯಲ್ಲಿ ಒಳ್ಳೆಯ ಕಂಪ್ಯೂಟರ್ ಇದ್ದರೆ ಅಲ್ಲಿಂದಲೇ ನಕ್ಷೆ ಮಾಡಿ ಕಳಿಸು, ನಕ್ಷೆಗೆ ಇಷ್ಟು ಅಂತ ಕೊಡುತ್ತೇವೆ ಎಂದರು. ಅಪ್ಪ ಎರಡು ದಿನ ಸುಮ್ಮನೆ ಇದ್ದು, ಹೆಸರುಕಾಳು ಮಾರಿದ ರೊಕ್ಕ ತೆಗೆದು ಅಕ್ಕನ ಕೈಯಲ್ಲಿ ಇಟ್ಟ. ಅವ್ವ ಮಾತ್ರ, "ಹೆಸರಿನ ರೊಕ್ಕ ವರ್ಷಕ್ಕ ಒಮ್ಮೆ ಬರೂದು, ನೋಡಿ ಖರ್ಚು ಮಾಡ್ರಿ" ಅಂದಳು. ಅಂದರೆ ಒಂದು ಸಾಮಾನು ತಪ್ಪು ಬಂದರೂ ಮತ್ತೆ ತರಲು ರೊಕ್ಕ ಇರಲಿಲ್ಲ.

ಹುಬ್ಬಳ್ಳಿಯಲ್ಲಿರುವ ಮಾಮಾ ಒಂದು ಚೀಟಿ ಬರೆದುಕೊಟ್ಟಿದ್ದರು. ಪ್ರೊಸೆಸರ್, ಮದರ್‌ಬೋರ್ಡ್, ಕೂಲರ್, ರ‍್ಯಾಮ್, ಕ್ಯಾಬಿನೆಟ್ ಹೀಗೆ ಸಾಲಾಗಿ ಇತ್ತು. ಕೂಲರ್ ಎಂಬ ಹೆಸರು ಕೇಳಿ ಅವ್ವ, "ಅದಕ್ಕ ನೀರು ಯಾರು ಹಾಕ್ತಾರ?" ಅಂತ ಕೇಳಿದಳು. ನಾವೆಲ್ಲ ನಕ್ಕೆವು. ಇದು ನೀರಿನ ಕೂಲರ್ ಅಲ್ಲ. ಪ್ರೊಸೆಸರ್ ಕೆಲಸ ಮಾಡುವಾಗ ಬಹಳ ಕಾಯುತ್ತದೆ. ಅದರ ಮೇಲೆ ಲೋಹದ ತಳ ಕೂಡುತ್ತದೆ, ತಳದಿಂದ ತಾಮ್ರದ ಕೊಳವೆಗಳು ಮೇಲೆ ಏರುತ್ತವೆ, ಕೊಳವೆಗಳಿಗೆ ತೆಳ್ಳಗಿನ ಅಲ್ಯುಮಿನಿಯಂ ಹಾಳೆಗಳನ್ನು ಪೋಣಿಸಿರುತ್ತಾರೆ. ಬದಿಗೆ ಒಂದು ಪಂಖಾ. ಕಾವು ಹಾಳೆಗಳಿಗೆ ಹರಡುತ್ತದೆ, ಪಂಖಾದ ಗಾಳಿ ಅದನ್ನು ಹೊರಗೆ ಒಯ್ಯುತ್ತದೆ. ಕಾವು 90-100 ಡಿಗ್ರಿ ಹತ್ತಿರ ಹೋದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ನಿಧಾನ ಆಗುತ್ತದೆ. ಇನ್ನೂ ಹೆಚ್ಚಾದರೆ ಬಂದ್ ಆಗುತ್ತದೆ. ನಮ್ಮ ನವಲಗುಂದ ಕಡೆ ಏಪ್ರಿಲ್-ಮೇ ತಿಂಗಳ ಬಿಸಿಲು ನಿಮಗೆ ಗೊತ್ತೇ ಇದೆ. ಅದಕ್ಕೇ ಮಾಮಾ ಎತ್ತರದ ಒಳ್ಳೆಯ ಕೂಲರ್ ಬರೆದಿದ್ದರು.

ರ‍್ಯಾಮ್ ಅಂದರೆ ಕಂಪ್ಯೂಟರಿನ ತಾತ್ಕಾಲಿಕ ನೆನಪು. ಉದ್ದನೆಯ ಪಟ್ಟಿಯಂತೆ ಇರುತ್ತದೆ, ಪ್ರೊಸೆಸರಿನ ಬಗಲಿಗೇ ನೆಟ್ಟಗೆ ನಿಲ್ಲುತ್ತದೆ. ತೊಂದರೆ ಇರುವುದೇ ಇಲ್ಲಿ. ಕೂಲರಿನ ಪಂಖಾ ರ‍್ಯಾಮ್ ಇರುವ ಕಡೆಗೇ ಚಾಚಿಕೊಂಡಿರುತ್ತದೆ. ಪಂಖಾದ ಕೆಳಗೆ ಎಷ್ಟು ಜಾಗ ಉಳಿಯುತ್ತದೋ ಅಷ್ಟೇ ಎತ್ತರದ ರ‍್ಯಾಮ್ ಹಿಡಿಸುತ್ತದೆ. ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದು ಇದಕ್ಕೂ ಸಲ್ಲುತ್ತದೆ.

ಡಿಡಿಆರ್ 4 ಜಾತಿಯ ಸಾದಾ ರ‍್ಯಾಮ್ ಸುಮಾರು 31 ಮಿಲಿಮೀಟರ್ ಎತ್ತರ ಇರುತ್ತದೆ. ಅದರ ಮೇಲೆ ಲೋಹದ ಕವಚ, ಬಣ್ಣದ ದೀಪ ಹಾಕಿದರೆ 44, ಕೆಲವು 55 ಮಿಲಿಮೀಟರ್ ತನಕವೂ ಹೋಗುತ್ತವೆ. ಆಸ್ಟ್ರಿಯಾ ದೇಶದ ನಾಕ್ಟುವಾ ಕಂಪನಿ 2014ರಲ್ಲಿ ಎನ್‌ಎಚ್-ಡಿ15 ಎಂಬ ದೊಡ್ಡ ಕೂಲರ್ ಹೊರತಂದಿತು. ಅದರ ಎತ್ತರ 165 ಮಿಲಿಮೀಟರ್. ಎರಡೂ ಪಂಖಾ ಹಾಕಿದರೆ ಮುಂದಿನ ಪಂಖಾದ ಕೆಳಗೆ 32 ಮಿಲಿಮೀಟರ್ ಎತ್ತರದ ರ‍್ಯಾಮ್ ಮಾತ್ರ ಹಿಡಿಸುತ್ತದೆ. ದೊಡ್ಡ ಕಂಪನಿಯ ಸಾಮಾನಾದರೂ ಅಳತೆ ನೋಡಲೇಬೇಕು ಎಂದು ಇದರಿಂದ ತಿಳಿಯುತ್ತದೆ.

ನಮ್ಮ ಚೀಟಿಯ ಲೆಕ್ಕ ಹೀಗಿತ್ತು. ಕೂಲರಿನ ಎತ್ತರ 155. ಅದರ ಪಂಖಾದ ಕೆಳಗೆ ಹಿಡಿಸುವ ರ‍್ಯಾಮ್ 35. ಕ್ಯಾಬಿನೆಟ್ಟಿನಲ್ಲಿ ಹಿಡಿಸುವ ಕೂಲರ್ ಹೆಚ್ಚೆಂದರೆ 160. ಮಾಮಾ ಬರೆದ ದೀಪದ ರ‍್ಯಾಮ್ 44. ಎಲ್ಲಾ ಮಿಲಿಮೀಟರಿನಲ್ಲಿ. ಅಕ್ಕ ಮೊಬೈಲಿನಲ್ಲಿ ಓದುತ್ತಾ ಹೋದಳು, ನಾನು ಪಾಟಿಯ ಮೇಲೆ ಬರೆದೆ.

ಮದರ್‌ಬೋರ್ಡಿನಲ್ಲಿ ರ‍್ಯಾಮ್ ಹಾಕಲು ನಾಲ್ಕು ಸ್ಲಾಟ್ ಇದ್ದವು. ಎರಡೇ ರ‍್ಯಾಮ್ ಇದ್ದರೆ ಪ್ರೊಸೆಸರ್ ಕಡೆಯಿಂದ ಎಣಿಸಿ ಎರಡನೆಯದಕ್ಕೂ ನಾಲ್ಕನೆಯದಕ್ಕೂ ಹಾಕಬೇಕು ಎಂದು ಪುಸ್ತಕದಲ್ಲಿ ಇತ್ತು. ನಮ್ಮ ಪಂಖಾ ಮೊದಲನೇ ಸ್ಲಾಟಿನ ಮೇಲೆ ಮಾತ್ರ ಬರುತ್ತಿತ್ತು. ಆದ್ದರಿಂದ 44ರ ರ‍್ಯಾಮ್ ತಂದರೂ ಈಗ ಹಿಡಿಸುತ್ತಿತ್ತು. ನಾನು, "ಹಂಗಾದ್ರ ತರೂಣಲ್ಲ ಅಕ್ಕಾ, ದೀಪ ಛಲೋ ಕಾಣಸ್ತಾವು" ಎಂದೆ. ಅಕ್ಕ, "ಇವತ್ತು ಎರಡು ತರತೀವಿ. ಬರೂ ವರ್ಷ ದೊಡ್ಡ ನಕ್ಷೆ ಬಂದ್ರ ಇನ್ನೆರಡು ಬೇಕಾಗತಾವು. ಅವಾಗ ಮೊದಲನೇ ಸ್ಲಾಟಿಗೆ ಏನ ಮಾಡ್ತಿ?" ಅಂದಳು.

ಪಂಖಾವನ್ನು ಮೇಲೆ ಸರಿಸಬಹುದು. 44ರಲ್ಲಿ 35 ಕಳೆದರೆ 9. ಅಂದರೆ 9 ಮಿಲಿಮೀಟರ್ ಮೇಲೆ ಎತ್ತಬೇಕು. ಪಂಖಾದ ತಲೆ ಕೂಲರಿನ ತಲೆಗೆ ಸಮ ಇತ್ತು. 155ಕ್ಕೆ 9 ಕೂಡಿಸಿದರೆ 164. ಕ್ಯಾಬಿನೆಟ್ಟಿಗೆ 160 ಮಾತ್ರ ಹಿಡಿಸುತ್ತದೆ. ಬದಿಯ ಬಾಗಿಲು ಹಾಕಲು ಬರುವುದಿಲ್ಲ. ಬಾಗಿಲು ತೆರೆದಿಟ್ಟರೆ ನಮ್ಮ ಎರಿ ಮಣ್ಣಿನ ಧೂಳು ಒಳಗೆ ತುಂಬುತ್ತದೆ. ಅಕ್ಕ ದೀಪದ ರ‍್ಯಾಮ್ ಹೆಸರಿಗೆ ಗೀಟು ಎಳೆದು, 34 ಮಿಲಿಮೀಟರಿನ ಗಿಡ್ಡ ರ‍್ಯಾಮ್ ಬರೆದಳು. 35ರಲ್ಲಿ 34 ಕಳೆದರೆ ಉಳಿಯುವುದು ಒಂದೇ ಮಿಲಿಮೀಟರ್!

ಇಬ್ಬರೂ ಹುಬ್ಬಳ್ಳಿಗೆ ಹೋದೆವು. ಅಂಗಡಿಯವರು, "ಎಲ್ಲಾ ಹಿಡಸತಾವ್ರಿ, ಚಿಂತಿ ಮಾಡಬ್ಯಾಡ್ರಿ, ದೀಪದ್ದ ಒಯ್ರಿ" ಅಂದರು. ಅವರ ತಲೆಯ ಮೇಲೆಯೇ ಮಾರಿದ ಮಾಲು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂಬ ಬೋರ್ಡು ಇತ್ತು. ನಾನು ಕಂಪಾಸ್ ಪೆಟ್ಟಿಗೆಯಿಂದ ಸ್ಕೇಲ್ ತೆಗೆದೆ. ಅಂಗಡಿಯ ಹುಡುಗರು ನಕ್ಕರು. ನಕ್ಕರೆ ನಗಲಿ ಎಂದು ಅಳೆದೆ. ಸ್ಕೇಲಿನ ತುದಿಯಿಂದ ಸೊನ್ನೆಯ ಗೆರೆಯ ತನಕ ಸ್ವಲ್ಪ ಖಾಲಿ ಜಾಗ ಇರುತ್ತದೆ, ಸೊನ್ನೆಯಿಂದಲೇ ಅಳೆಯಬೇಕು ಎಂದು ಗುರುಗಳು ಗಣಿತದ ತಾಸಿನಲ್ಲಿ ಹೇಳಿದ್ದು ಅಲ್ಲಿ ಉಪಯೋಗಕ್ಕೆ ಬಂತು. ಗಿಡ್ಡ ರ‍್ಯಾಮ್ ಸರಿಯಾಗಿ 34 ಇತ್ತು. ದೀಪದ್ದು 44 ಇತ್ತು. ಆಮೇಲೆ ಅಂಗಡಿಯವರೇ, "ತಮ್ಮಾ, ಯಾವ ಸಾಲಿ ನಿಂದು?" ಎಂದು ಕೇಳಿದರು. ನಾನು ನಮ್ಮ ಶಾಲೆಯ ಹೆಸರು ಗಟ್ಟಿಯಾಗಿ ಹೇಳಿದೆ.

ಅದೇ ಹುಬ್ಬಳ್ಳಿಯ ರೈಲ್ವೆ ನಿಲ್ದಾಣದಲ್ಲಿ 1507 ಮೀಟರ್ ಉದ್ದದ ಪ್ಲಾಟ್‌ಫಾರಂ ಇದೆ. 2023ರ ಮಾರ್ಚ್ ತಿಂಗಳಲ್ಲಿ ಉದ್ಘಾಟನೆ ಆದಾಗ ಜಗತ್ತಿನಲ್ಲೇ ಉದ್ದವಾದದ್ದು ಎಂದು ಪೇಪರಿನಲ್ಲಿ ಬಂದಿತ್ತು. ಅಷ್ಟು ದೊಡ್ಡ ಅಳತೆಗೆ ಎಲ್ಲರೂ ಬೆರಗಾಗುತ್ತಾರೆ. ಆದರೆ ನಮ್ಮ ಮನೆಯ ರೊಕ್ಕ ಉಳಿಸಿದ್ದು ಒಂದು ಮಿಲಿಮೀಟರ್.

ಜೋಡಿಸುವಾಗ ಅಕ್ಕ ಮೊದಲು ರ‍್ಯಾಮ್ ಹಾಕಿದಳು. ಕೂಲರ್ ಕೂಡಿಸಿದ ಮೇಲೆ ಅಲ್ಲಿ ಬೆರಳು ಹೋಗುವುದಿಲ್ಲ. ಒಂದು ರ‍್ಯಾಮನ್ನು ಮೊದಲನೇ ಸ್ಲಾಟಿಗೆ ಹಾಕಿ, ಪಂಖಾ ಹಿಡಿದು ನೋಡಿದಳು. ನಡುವೆ ಒಂದು ಪೋಸ್ಟ್ ಕಾರ್ಡ್ ತೂರಿತು. "ಹಿಡಸ್ತು" ಎಂದು ಅದನ್ನು ತೆಗೆದು ಎರಡನೇ ಸ್ಲಾಟಿಗೆ ಹಾಕಿದಳು. ಪ್ರೊಸೆಸರಿನ ಮೇಲೆ ಸಣ್ಣ ಬಟಾಣಿಯಷ್ಟು ಪೇಸ್ಟ್ ಇಟ್ಟು, ಕೂಲರಿನ ತಳದ ಪ್ಲಾಸ್ಟಿಕ್ ಹಾಳೆ ಕಿತ್ತು ಕೂಡಿಸಿದಳು. ಬದಿಯ ಬಾಗಿಲು ಸಲೀಸಾಗಿ ಮುಚ್ಚಿತು. ಎರಡು ತಾಸು ನಕ್ಷೆ ಬರೆದರೂ ಕಾವು 70 ಡಿಗ್ರಿ ದಾಟಲಿಲ್ಲ. ಅಪ್ಪ ಪಂಖಾ ತಿರುಗುವುದನ್ನು ಬಹಳ ಹೊತ್ತು ನೋಡುತ್ತ ನಿಂತಿದ್ದ, ಏನೂ ಅನ್ನಲಿಲ್ಲ. ಮುಂದಿನ ತಿಂಗಳು ಅಕ್ಕ ಮೊದಲನೇ ನಕ್ಷೆಯ ರೊಕ್ಕ ತಂದು ಕೊಟ್ಟಾಗ, "ಇದು ನಿನ್ನ ಹತ್ರನ ಇರಲಿ, ಆ ಇನ್ನೆರಡು ಪಟ್ಟಿ ತರಬೇಕಲ್ಲ" ಅಂದ. ಅಪ್ಪನಿಗೂ ಲೆಕ್ಕ ನೆನಪಿತ್ತು.

ಗೆಳೆಯರೇ, ನೀವೂ ಮುಂದೆ ಕಂಪ್ಯೂಟರ್ ಜೋಡಿಸುವಿರಿ. ಆಗ ಇಷ್ಟನ್ನು ನೆನಪಿಡಿರಿ:

1. ಕೂಲರಿನ ಎತ್ತರ ಕ್ಯಾಬಿನೆಟ್ಟಿನ ಮಿತಿಗಿಂತ ಕಡಿಮೆ ಇರಬೇಕು.
2. ರ‍್ಯಾಮಿನ ಎತ್ತರವನ್ನು ಕವಚ ಸಹಿತ ನೋಡಬೇಕು.
3. ಪಂಖಾ ಯಾವ ಸ್ಲಾಟಿನ ಮೇಲೆ ಬರುತ್ತದೆ ನೋಡಬೇಕು. ಇವತ್ತಿನ ಎರಡಲ್ಲ, ನಾಳಿನ ನಾಲ್ಕನ್ನೂ ಎಣಿಸಬೇಕು.
4. ಪಂಖಾ ಮೇಲೆ ಸರಿಸಿದರೆ ಆ ಎತ್ತರವನ್ನೂ ಕೂಡಿಸಬೇಕು.
5. ರೊಕ್ಕ ಕೊಡುವ ಮೊದಲು ಅಳೆಯಬೇಕು. ಯಾರು ನಕ್ಕರೂ ಸ್ಕೇಲ್ ಒಳಗೆ ಇಡಬಾರದು.

— 7ನೇ ತರಗತಿ ವಿದ್ಯಾರ್ಥಿ