ದೊಡ್ಡಪ್ಪನ ಕೈ ನಡುಗಿರಲಿಲ್ಲ

ಫೋಟೋ ಮಸುಕಾಗಿ ಬಂದರೆ ನಮ್ಮ ಕಡೆ ಎಲ್ಲರೂ ಹೇಳುವುದು ಒಂದೇ ಮಾತು: ಕೈ ಅಲ್ಲಾಡಿದೆ. ನಮ್ಮ ದೊಡ್ಡಪ್ಪನಿಗೆ ಈ ಮಾತು ಅಂಟಿಕೊಂಡಿದ್ದು 1986ರಲ್ಲಿ, ಅತ್ತೆಯ ಮದುವೆಯ ಫೋಟೋಗಳು ಸ್ಟುಡಿಯೋದಿಂದ ಬಂದ ದಿನ. ಬೊಂಬಾಯಿಯ ಹೋಟೆಲಿನಲ್ಲಿ ಕೆಲಸಕ್ಕಿದ್ದ ಅವರು ಅಲ್ಲೇ ಸೆಕೆಂಡ್ ಹ್ಯಾಂಡಿಗೆ ಒಂದು ಜಪಾನಿ ರೀಲ್ ಕ್ಯಾಮೆರಾ ಕೊಂಡು ತಂದಿದ್ದರು. ಫೋಕಸ್ ತಾನೇ ಮಾಡಿಕೊಳ್ಳುವ ಕ್ಯಾಮೆರಾ, ಬಟನ್ ಒತ್ತಿದರೆ ಸಾಕು. ಆದರೆ ಮದುಮಕ್ಕಳ ಮುಖವೆಲ್ಲ ಹಿಟ್ಟು ಮೆತ್ತಿದ ಹಾಗೆ ಬಂದಿತ್ತು. ಆಮೇಲೆ ಮೂರ್ನಾಲ್ಕು ರೀಲು ತೆಗೆದರು, ಅವೂ ಹಾಗೇ. ಕ್ಯಾಮೆರಾ ಟ್ರಂಕ್ ಸೇರಿತು. ಇವತ್ತಿಗೂ ಮನೆಯಲ್ಲಿ ಯಾರಾದರೂ ಮೊಬೈಲನ್ನು ಅವರ ಕೈಗೆ ಕೊಟ್ಟು ಫೋಟೋ ತೆಗೆಯಿರಿ ಅಂದರೆ, ‘ನಂಗೆ ಕೈ ನಡುಗ್ತದೆ ಮಾರಾಯ, ಬೇರೆ ಯಾರಿಗಾದ್ರೂ ಹೇಳು’ ಎಂದು ಜಾರಿಕೊಳ್ಳುತ್ತಾರೆ.

ಕಳೆದ ವರ್ಷ ಮಾಡಿನ ಹಂಚು ಕೈಯಾಡಿಸುವಾಗ ಆ ಟ್ರಂಕ್ ಅಟ್ಟದಿಂದ ಕೆಳಗಿಳಿಯಿತು. ಕ್ಯಾಮೆರಾದ ಜೊತೆ ಅಷ್ಟೂ ರೀಲುಗಳ ನೆಗೆಟಿವ್ ಇತ್ತು. ಪ್ರಿಂಟ್ ಬೇಕಾದರೆ ಸ್ಟುಡಿಯೋದವರು ಕತ್ತರಿಸಿರಬಹುದು, ತಿದ್ದಿರಬಹುದು. ನೆಗೆಟಿವ್ ಮೂಲ ದಾಖಲೆ. ಅದನ್ನು ನೋಡದೆ ಮೂವತ್ತೆಂಟು ವರ್ಷ ಒಬ್ಬರ ಕೈಯನ್ನು ದೂರಿದ್ದು ನನಗೆ ಸರಿ ಕಾಣಲಿಲ್ಲ.

ನೋಡುವ ವಿಧಾನ ಸುಲಭ. ಒಂದು ಮೊಬೈಲಿನಲ್ಲಿ ಬಿಳಿ ಪರದೆ ತೆರೆದು ಬೆಳಕು ಪೂರ್ತಿ ಮಾಡಿ, ಅದರ ಮೇಲೆ ಒಂದು ಬೆರಳಷ್ಟು ಎತ್ತರದಲ್ಲಿ ನೆಗೆಟಿವ್ ಹಿಡಿಯಬೇಕು. ಇನ್ನೊಂದು ಮೊಬೈಲಿನಿಂದ ಅದರ ಫೋಟೋ ತೆಗೆದು, ಎಡಿಟ್‌ನಲ್ಲಿ ಬಣ್ಣ ತಿರುವುಮುರುವು ಮಾಡಿದರೆ ಚಿತ್ರ ಮೂಡುತ್ತದೆ. ನಿಮ್ಮ ಮನೆಯ ಹಳೇ ನೆಗೆಟಿವ್‌ಗಳಿಗೂ ಇದು ಆಗುತ್ತದೆ. ಇನ್ನು ಮಸುಕಿನಲ್ಲಿ ಎರಡು ಜಾತಿ. ಕೈ ಅಲ್ಲಾಡಿದ್ದರೆ ಬೆಳಕಿನ ಚುಕ್ಕಿಗಳೆಲ್ಲ ಒಂದೇ ದಿಕ್ಕಿಗೆ ಗೆರೆಯಾಗಿ ಎಳೆದಿರುತ್ತವೆ, ಫೋಟೋದ ಮೂಲೆ ಮೂಲೆಯಲ್ಲೂ. ಫೋಕಸ್ ತಪ್ಪಿದ್ದರೆ ಚುಕ್ಕಿ ಉರುಟಾಗಿ ಊದಿಕೊಳ್ಳುತ್ತದೆ, ಮತ್ತು ಹೆಚ್ಚಿನ ಸಲ ಬೇರೆ ಎಲ್ಲೋ ಒಂದು ಕಡೆ ಚಿತ್ರ ಸ್ಪಷ್ಟವಾಗಿರುತ್ತದೆ.

ಮದುವೆಯ ರೀಲಿನಲ್ಲಿ ಅತ್ತೆ ಮಾವ ಅಕ್ಕಪಕ್ಕ ನಿಂತಿದ್ದಾರೆ, ಇಬ್ಬರ ಮುಖವೂ ಮಸುಕು. ಆದರೆ ಅವರ ಹಿಂದೆ ಗೋಡೆಯ ಮೇಲಿದ್ದ ಕ್ಯಾಲೆಂಡರಿನ ತಾರೀಕು ಓದಬಹುದು! ಕೈ ನಡುಗಿದ್ದರೆ ಕ್ಯಾಲೆಂಡರೂ ನಡುಗಬೇಕಿತ್ತಲ್ಲ. ಅಲ್ಲಿಗೆ ಅರ್ಧ ಕೇಸು ಮುಗಿಯಿತು.

ಹಾಗಾದರೆ ಕ್ಯಾಮೆರಾ ಗೋಡೆಯನ್ನು ಯಾಕೆ ನೋಡಿತು? ನಿಮ್ಮ ಬೆರಳನ್ನು ಮೂಗಿನ ಮುಂದೆ ಹಿಡಿದು ಒಂದೊಂದೇ ಕಣ್ಣು ಮುಚ್ಚಿ ನೋಡಿ. ಬೆರಳು ಆಚೀಚೆ ಹಾರಿದಂತೆ ಕಾಣುತ್ತದೆ. ದೂರದ ಅಡಿಕೆ ಮರ ಅಷ್ಟು ಹಾರುವುದಿಲ್ಲ. ಎಷ್ಟು ಹಾರಿತು ಎಂಬುದರಿಂದ ದೂರ ಎಷ್ಟೆಂದು ಲೆಕ್ಕ ಸಿಗುತ್ತದೆ. ರೇಂಜ್‌ಫೈಂಡರ್ ಎಂದರೆ ಇಷ್ಟೇ. ಮೊದಲು ಈ ಹೊಂದಾಣಿಕೆಯನ್ನು ಮನುಷ್ಯ ತನ್ನ ಕಣ್ಣಲ್ಲಿ ನೋಡಿ ರಿಂಗ್ ತಿರುಗಿಸಿ ಮಾಡುತ್ತಿದ್ದ. 1977ರಲ್ಲಿ ಬಂದ ಕೋನಿಕಾ ಸಿ35 ಎಎಫ್ ಆ ಕೆಲಸವನ್ನು ಯಂತ್ರಕ್ಕೆ ಕೊಟ್ಟಿತು. ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಆಟೋಫೋಕಸ್ ಕ್ಯಾಮೆರಾ ಅದು. ಒಳಗಿದ್ದದ್ದು ಅಮೆರಿಕದ ಹನಿವೆಲ್ ಕಂಪನಿಯ ವಿಸಿಟ್ರಾನಿಕ್ ಎಂಬ ಪುಟ್ಟ ಭಾಗ: ಎರಡು ಕಿಟಕಿ, ಒಂದರ ಹಿಂದೆ ಅಲುಗದ ಕನ್ನಡಿ, ಇನ್ನೊಂದರ ಹಿಂದೆ ತಿರುಗುವ ಕನ್ನಡಿ. ಎರಡರ ಚಿತ್ರವೂ ಒಂದಕ್ಕೊಂದು ಕೂಡಿದ ಜಾಗಕ್ಕೆ ಲೆನ್ಸ್ ನಿಲ್ಲುತ್ತದೆ. (ಆಟೋಫೋಕಸ್ ಪೇಟೆಂಟಿಗಾಗಿ ಇದೇ ಹನಿವೆಲ್ ಮುಂದೆ ಮಿನೋಲ್ಟಾವನ್ನು ಕೋರ್ಟಿಗೆಳೆದು, 1992ರಲ್ಲಿ 12 ಕೋಟಿ 75 ಲಕ್ಷ ಡಾಲರಿಗೆ ರಾಜಿ ಮಾಡಿಕೊಂಡಿತು. ಎರಡು ಪುಟಾಣಿ ಕಿಟಕಿಯ ಹಿಂದೆ ಅಷ್ಟು ದುಡ್ಡು.)

ದೊಡ್ಡಪ್ಪನ ಕ್ಯಾಮೆರಾ ಕೂಡ ಹೀಗೇ ಎರಡು ಕಿಟಕಿಯದು. ಅದು ದೂರ ಅಳೆಯುವುದು ಫ್ರೇಮಿನ ನಟ್ಟನಡುವಿನ ಒಂದು ಸಣ್ಣ ಗುರುತಿನಲ್ಲಿ ಮಾತ್ರ. ಮದುಮಕ್ಕಳ ಫೋಟೋದಲ್ಲಿ ನಟ್ಟನಡುವೆ ಏನಿರುತ್ತದೆ? ಇಬ್ಬರ ನಡುವಿನ ಸಂದು. ಸಂದಿನಲ್ಲಿ ಗೋಡೆ. ಒಬ್ಬರ ಮುಖಕ್ಕೆ ಫೋಕಸ್ ಹಿಡಿದುಕೊಂಡು ಆಮೇಲೆ ಕ್ಯಾಮೆರಾ ಸರಿಸುವ ಲಾಕ್ ಸೌಕರ್ಯ ಅದರಲ್ಲಿಲ್ಲ. ಸೆಕೆಂಡ್ ಹ್ಯಾಂಡ್ ಮಾಲು, ಜೊತೆಗೆ ಪುಸ್ತಕವೂ ಬಂದಿರಲಿಲ್ಲ. ಇದನ್ನು ಅವರಿಗೆ ಹೇಳಿಕೊಡುವವರು ಯಾರಿದ್ದರು?

ಇದು ನನ್ನ ಊಹೆ ಅಷ್ಟೇ ಆಗಬಾರದು ಅಂತ ಅದೇ ರೀಲಿನಲ್ಲಿ ಒಬ್ಬರೇ ಇರುವ ಫ್ರೇಮ್ ಹುಡುಕಿದೆ. ಒಂದು ಸಿಕ್ಕಿತು. ಅಜ್ಜಿ ಅಂಗಳದಲ್ಲಿ ಬಾಳೆ ಎಲೆಯ ಕಟ್ಟು ಹಿಡಿದು ನಡುವಿಗೆ ನಿಂತಿದ್ದಾಳೆ. ಸೆರಗಿನ ಅಂಚಿನ ಒಂದೊಂದು ಗೆರೆಯೂ ಚೂಪು, ಹಣೆಯ ಕುಂಕುಮ ಸಹಿತ. ಮದುವೆಯ ಆಲ್ಬಮ್ಮಿಗೆ ಬೇಡವೆಂದು ಯಾರೂ ಇದರ ಪ್ರಿಂಟ್ ಹಾಕಿಸಿರಲೇ ಇಲ್ಲ. ಅಜ್ಜಿಯದು ಅಂತ ನಮ್ಮಲ್ಲಿ ಇದ್ದದ್ದು ಗುಂಪಿನ ಹಿಂದಿನ ಸಾಲಿನ ಒಂದು ಅರೆಮುಖ ಮಾತ್ರ.

ಆಮೇಲಿನ ರೀಲುಗಳ ಕತೆ ಬೇರೆ. ಅಲ್ಲಿ ಒಬ್ಬರೇ ನಡುವೆ ನಿಂತರೂ ಮಸುಕು, ಹಿಂದಿನ ತೋಟ ಸ್ಪಷ್ಟ. ಅಂದರೆ ನಡುವೆ ಕ್ಯಾಮೆರಾಕ್ಕೇ ಏನೋ ಆಗಿದೆ. ಬ್ಯಾಟರಿ ಕೂರುವ ಕಡೆ ಹಿಡಿದಿದ್ದ ಕಿಲುಬು ಒರೆಸಿ, ಹೊಸ ಸೆಲ್ ಹಾಕಿದೆ. ಜೀವ ಬಂತು. ರೀಲು ಹಾಕಿ, ಟೇಪು ಹಿಡಿದು ಒಂದೂವರೆ ಮೀಟರು, ಮೂರು ಮೀಟರು ಅಳೆದು, ಹಲಗೆಗೆ ಪೇಪರ್ ಅಂಟಿಸಿ ಬಿಸಿಲಲ್ಲಿ ನಿಲ್ಲಿಸಿದೆ. ಪ್ರತಿ ಫ್ರೇಮಿಗೂ ಸ್ಲೇಟಿನಲ್ಲಿ ನಂಬರು. ಮೊದಲು ಎರಡೂ ಕಿಟಕಿ ತೆರೆದು, ಆಮೇಲೆ ಒಂದಕ್ಕೆ ಕಪ್ಪು ಟೇಪು ಅಂಟಿಸಿ. ರೀಲು ತೊಳೆಸಲು ಬೆಂಗಳೂರಿಗೇ ಕಳಿಸಬೇಕಾಯಿತು. ಬಂದು ನೋಡಿದರೆ ಟೇಪು ಇದ್ದರೂ ಇಲ್ಲದಿದ್ದರೂ ಒಂದೇ: ಪೇಪರ್ ಮಸುಕು, ಹಿಂದಿನ ಅಡಿಕೆ ಮರ ಚೂಪು. ಕಿಟಕಿ ಮುಚ್ಚಿದರೂ ವ್ಯತ್ಯಾಸ ಆಗಲಿಲ್ಲ ಎಂದರೆ, ತೆರೆದಿದ್ದಾಗಲೂ ಎರಡು ಚಿತ್ರ ಕೂಡುತ್ತಿರಲಿಲ್ಲ. ಟಾರ್ಚ್ ಬಿಟ್ಟು ನೋಡಿದಾಗ ಎಡಗಿಟಕಿಯ ಗಾಜಿನ ಒಳಮೈಗೆ ಜೇಡರ ಬಲೆಯಂಥ ಬೂಸಲು. ಮಲೆನಾಡಿನ ಮಳೆಗಾಲದಲ್ಲಿ ಚರ್ಮದ ಚೀಲದಲ್ಲಿ ಮುಚ್ಚಿಟ್ಟ ವಸ್ತುವಿಗೆ ಇನ್ನೇನಾಗಬೇಕು.

ನಾನು ಬಿಚ್ಚಲಿಲ್ಲ. ನೀವೂ ಬಿಚ್ಚಬೇಡಿ. ಫ್ಲ್ಯಾಶ್ ಇರುವ ಕ್ಯಾಮೆರಾದ ಒಳಗಿನ ಕೆಪಾಸಿಟರಿನಲ್ಲಿ ನೂರಾರು ವೋಲ್ಟ್ ಕೂತಿರುತ್ತದೆ, ಸೆಲ್ ತೆಗೆದ ಮೇಲೂ. ಶಿವಮೊಗ್ಗದಲ್ಲಿ ರಿಪೇರಿ ಬಿಟ್ಟು ಮನೆಯಲ್ಲಿದ್ದ ಒಬ್ಬ ಹಿರಿಯರು ಒಪ್ಪಿ, ಬಿಚ್ಚಿ ಒರೆಸಿಕೊಟ್ಟರು. ಎರಡನೇ ರೀಲಿನಲ್ಲಿ ಮೂರು ಮೀಟರಿನ ಪೇಪರ್ ಓದಲು ಬಂತು. ಒಂದೂವರೆಯದು ಇನ್ನೂ ಸ್ವಲ್ಪ ಮಸುಕು. ಸುಣ್ಣದ ಗೋಡೆ, ಬಿಳಿ ಪಂಚೆಯ ಮುಂದೆ ಈಗಲೂ ಸೋಲುತ್ತದೆ. ಅದು ರೋಗವಲ್ಲ. ಹೊಂದಿಸಲು ಗೆರೆಯೋ ಅಂಚೋ ಏನಾದರೂ ಬೇಕಲ್ಲ. ಇವತ್ತಿನ ಎಷ್ಟೋ ಮೊಬೈಲುಗಳು ಫೋಕಸ್ ಮಾಡುವುದೂ ಇದೇ ಎರಡು ನೋಟದ ಲೆಕ್ಕದಲ್ಲಿ. ಅದಕ್ಕೇ ಬರೀ ಬಿಳಿ ಗೋಡೆಗೆ ಹಿಡಿದರೆ ಅವೂ ತಡಕಾಡುತ್ತವೆ.

ನೆಗೆಟಿವ್‌ಗಳನ್ನು ದೊಡ್ಡಪ್ಪನಿಗೆ ಒಂದೊಂದಾಗಿ ತೋರಿಸಿದೆ. ಕ್ಯಾಲೆಂಡರಿನದನ್ನು ಬಹಳ ಹೊತ್ತು ನೋಡಿದರು. ‘ಇದು ಅಂಗಡಿಯವ್ರು ಕೊಟ್ಟ ಕ್ಯಾಲೆಂಡರ್’ ಅಂದರು. ಅಜ್ಜಿಯ ಫ್ರೇಮ್ ಬಂದಾಗ ಕನ್ನಡಕ ತೆಗೆದು ಒರೆಸಿಕೊಂಡು, ದೊಡ್ಡದು ಮಾಡಿಸಿದರೆ ಎಷ್ಟಾಗುತ್ತದೆ ಎಂದು ಕೇಳಿದರು.